ಮೊಣಗಂಟಿನಿಂದ ಮುಂದಿನ ಸೀಟಿಗೆ ಎಷ್ಟು ಇಂಚು

ಗೋಡೆಗೆ ತಾಗಿಸಿ ಒಂದು ಬೆಂಚು ಇಡಿ. ಬೆನ್ನಿನ ಕೆಳಭಾಗ ಗೋಡೆಗೆ ಒತ್ತುವ ಹಾಗೆ ನೆಟ್ಟಗೆ ಕುಳಿತು, ಪಾದ ನೆಲಕ್ಕೂರಿ. ಈಗ ಮನೆಯವರೊಬ್ಬರು ಟೈಲರ್ ಟೇಪು ಹಿಡಿದು ಗೋಡೆಯಿಂದ ನಿಮ್ಮ ಮೊಣಗಂಟಿನ ತುದಿಯವರೆಗೆ ಅಳೆಯಲಿ. ಇಪ್ಪತ್ತೆರಡು ಇಂಚು ಬರಬಹುದು, ಇಪ್ಪತ್ತೈದೂ ಬರಬಹುದು. ವಿಮಾನದಲ್ಲಿ ಸೀಟು ಆರಿಸುವ ಕೆಲಸ ಶುರುವಾಗಬೇಕಾದದ್ದು ಈ ಅಂಕಿಯಿಂದ. ಆಳಿನ ಎತ್ತರ ನಂಬಬೇಡಿ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಮುಂಡ ಉದ್ದ, ಇನ್ನೊಬ್ಬರಿಗೆ ತೊಡೆ ಉದ್ದ. ಆರಡಿಯ ಒಬ್ಬರು ಆರಾಮಾಗಿ ಕೂತ ಸೀಟಿನಲ್ಲಿ ಐದೂಮುಕ್ಕಾಲು ಅಡಿಯ ಇನ್ನೊಬ್ಬರು ಮೊಣಕಾಲು ಒತ್ತಿಸಿಕೊಂಡು ಕೂರುವುದುಂಟು.

ಹಾಗೆಯೇ ಇನ್ನೊಂದು ಅಳತೆ ತೆಗೆದಿಡಿ: ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ. ಇದು ಯಾರಿಗೆ, ಯಾಕೆ ಬೇಕು ಎಂಬುದು ಮುಂದೆ ಬರುತ್ತದೆ.

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಕಾಸರಗೋಡು ಪೇಟೆ, ಎಲ್ಲಿ ನೋಡಿದರೂ ಗಲ್ಫಿನಲ್ಲಿ ಯಾರೋ ಒಬ್ಬರಿರುವ ಮನೆಗಳು. ತಲಪಾಡಿ ದಾಟಿ ಬಜಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುತ್ತೇವೆ, ಇಲ್ಲವೇ ತೆಂಕಕ್ಕೆ ಇಳಿದು 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ವಿಮಾನ ನಿಲ್ದಾಣಕ್ಕೆ. ದುಬೈ, ಅಬುಧಾಬಿ ಎಂದರೆ ಗಾಳಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಗಂಟೆ. ಬಾಗಿಲು ಹಾಕಿ ಹೊರಡುವವರೆಗಿನ ಕಾಯುವಿಕೆ, ಇಳಿದ ಮೇಲೆ ಸಾಲು ಕರಗುವವರೆಗಿನದು ಸೇರಿದರೆ ಐದಕ್ಕೆ ಹತ್ತಿರ. ಬಹುಪಾಲು ಜನ ಟಿಕೆಟ್ ದರಕ್ಕಾಗಿ ನಾಲ್ಕು ಟ್ರಾವೆಲ್ಸ್ ಅಲೆಯುತ್ತಾರೆ, ಸೀಟನ್ನು ಮಾತ್ರ ಸಿಕ್ಕಿದ್ದಕ್ಕೆ ಬಿಡುತ್ತಾರೆ. ಮೊಣಕಾಲು ನೋವಿರುವ ಅಮ್ಮನನ್ನು ಮೊದಲ ಸಲ ಮಗನ ಮನೆಗೆ ಕಳಿಸುವಾಗಲೂ ಹೀಗೇ ಆಗುವುದು ನೋಡಿದರೆ ಬೇಸರವಾಗುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಗಮನ ಹತ್ತು ನಿಮಿಷದ್ದು, ಎಷ್ಟೋ ಸಲ ದುಡ್ಡೂ ಬೇಕಿಲ್ಲ.

ವಿಮಾನ ಕಂಪನಿಗಳು ಹೇಳುವ ಅಂಕಿಗೆ ಸೀಟ್ ಪಿಚ್ ಎಂದು ಹೆಸರು. ಒಂದು ಸೀಟಿನ ಯಾವುದೋ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರ ಅದು. ಕಡಿಮೆ ದರದ ವಿಮಾನಗಳಲ್ಲಿ 28ರಿಂದ 30 ಇಂಚು ಸಾಮಾನ್ಯ, ದೂರ ಹೋಗುವ ದೊಡ್ಡ ವಿಮಾನಗಳಲ್ಲಿ 31, 32. ನಮ್ಮ ಗೇಣಿನ ಲೆಕ್ಕದಲ್ಲಿ 28 ಇಂಚು ಎಂದರೆ ಮೂರು ಗೇಣು, ಮೇಲೊಂದು ಬೆರಳುದ್ದ ಜಾಗಕ್ಕೂ ಕಮ್ಮಿ. ಈ ದೂರದೊಳಗೇ ಬೆನ್ನೊರಗಿನ ದಪ್ಪವೂ ಸೇರಿದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಬೆನ್ನೊರಗು ಮೊಣಕಾಲಿನ ಮಟ್ಟದಲ್ಲಿ ಮೂರು ಇಂಚು ದಪ್ಪವಿದ್ದರೆ, 29 ಇಂಚಿನ ಪಿಚ್‌ನಲ್ಲಿ ನಿಮಗೆ ಉಳಿಯುವುದು 26 ಇಂಚು. ಅದರಿಂದ ನಿಮ್ಮ ಬೆಂಚಿನ ಅಳತೆ ಕಳೆಯಿರಿ. ಉತ್ತರ ಎರಡು ಇಂಚಿಗಿಂತ ಹೆಚ್ಚಿದ್ದರೆ ಮಾಮೂಲಿ ಸೀಟು ಸಾಕು, ದುಡ್ಡು ಉಳಿಸಿ. ಒಂದು ಇಂಚಿಗಿಂತ ಕಡಿಮೆ ಇದ್ದರೆ ಸೀಟಿಗೆ ಖರ್ಚು ಮಾಡುವುದು ದುಂದು ಅಲ್ಲ.

ಲೆಕ್ಕ ನಂಬಿಕೆ ಬಾರದಿದ್ದರೆ ಮನೆಯಲ್ಲೇ ಕೂತು ನೋಡಬಹುದು. ಊಟದ ಮೇಜಿನ ಗಟ್ಟಿ ಕುರ್ಚಿಯನ್ನು ಗೋಡೆಗೆ ಎದುರಾಗಿ ಇಡಿ. ಒರಗುವ ಜಾಗದಿಂದ ಗೋಡೆಗೆ ಸರಿಯಾಗಿ 26 ಇಂಚು ಇರಲಿ. ಬದಿಯಿಂದ ಒಳನುಗ್ಗಿ ಕೂತು ಹದಿನೈದು ನಿಮಿಷ ಕಳೆಯಿರಿ. ಬೇಕೆಂದೇ ಹದಿನೈದು ನಿಮಿಷ, ಏಕೆಂದರೆ ಮೊದಲ ಎರಡು ನಿಮಿಷ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಆಮೇಲೆ ಸೊಂಟ ಮುಂದಕ್ಕೆ ಜಾರುತ್ತದೆ. ಎರಡು ಇಂಚು ಜಾರಿದರೆ ಮೊಣಗಂಟೂ ಎರಡು ಇಂಚು ಮುಂದಕ್ಕೆ ಬಂತು, ಇದ್ದ ಅಂತರ ಮುಗಿಯಿತು. ಸೊಂಟದ ಹಿಂದೆ ಒಂದು ಮಡಚಿದ ಬೈರಾಸು ಇಟ್ಟರೆ ಜಾರುವುದು ನಿಲ್ಲುತ್ತದೆ, ಆದರೆ ಬೈರಾಸಿನ ದಪ್ಪವೂ ಮೊಣಕಾಲನ್ನು ಮುಂದಕ್ಕೆ ತಳ್ಳುತ್ತದೆ. ಉದ್ದ ತೊಡೆಯವರು ಅದನ್ನು ತೆಳ್ಳಗೆ ಮಡಚಬೇಕು, ಇಲ್ಲವೇ ಬಿಟ್ಟುಬಿಡಬೇಕು.

ಈ ಇಂಚುಗಳು ಹೋದದ್ದೆಲ್ಲಿಗೆ? ವಿಮಾನದ ನೆಲದಲ್ಲಿ ಉದ್ದಕ್ಕೂ ಲೋಹದ ಹಳಿಗಳಿವೆ. ಅವುಗಳಲ್ಲಿ ಇಂಚಿಗೊಂದು ತೂತು. ಸೀಟಿನ ಕಾಲನ್ನು ಆ ತೂತುಗಳಲ್ಲಿ ಕೂರಿಸಿ ಬಿಗಿಯುತ್ತಾರೆ. ಹಾಗಾಗಿ ಸಾಲುಗಳ ಅಂತರ ಇಂಚಿಂಚಾಗಿ ಬದಲಾಗುತ್ತದೆ, ಒಂದೇ ವಿಮಾನದಲ್ಲಿ ಒಂದು ಸಾಲು 29, ಇನ್ನೊಂದು 30 ಇರುವುದೂ ಸಾಧ್ಯ. ಮೂವತ್ತು ಸಾಲಿನ ವಿಮಾನದಲ್ಲಿ ಪ್ರತಿ ಸಾಲಿನಿಂದ ಒಂದೊಂದು ಇಂಚು ಕಿತ್ತರೆ ಮೂವತ್ತು ಇಂಚಾಯಿತು, ಅದು ಇನ್ನೊಂದು ಸಾಲು, ಅಂದರೆ ಆರು ಟಿಕೆಟ್. ಏರ್‌ಬಸ್ ಎ320ನಲ್ಲಿ 180 ಸೀಟಿನ ಒಳಾಂಗಣವೂ ಇದೆ, 186ರದ್ದೂ ಇದೆ. ಹಿಂದಿನ ಶೌಚಾಲಯ, ಅಡುಗೆ ಕಟ್ಟೆಗಳನ್ನು ಕುಗ್ಗಿಸಿಯೂ ಜಾಗ ಹುಟ್ಟಿಸುತ್ತಾರೆ. ಆದರೂ ಗಣಿತ ಇದೇ.

ಇದಕ್ಕೆ ಜೊತೆಯಾಗಿ ಬಂದದ್ದು ತೆಳು ಸೀಟು. ದಪ್ಪ ಫೋಮಿನ ಬದಲು ಗಟ್ಟಿ ಚಿಪ್ಪು, ತೆಳ್ಳನೆ ಮೆತ್ತೆ. ಪತ್ರಿಕೆ ಇಡುವ ಜೇಬನ್ನು ಮೊಣಕಾಲಿನ ಮಟ್ಟದಿಂದ ತೆಗೆದು ಟ್ರೇಯ ಮೇಲಕ್ಕೆ ಏರಿಸಿದ್ದಾರೆ. ಮೊಣಕಾಲಿನ ಮಟ್ಟಿಗೆ ಇದು ನಿಜವಾಗಿ ಒಳ್ಳೆಯ ಬದಲಾವಣೆ. ತೆಳು ಸೀಟಿನ 29 ಇಂಚು, ಹಳೆಯ ದಪ್ಪ ಸೀಟಿನ 30 ಇಂಚಿಗಿಂತ ಸಡಿಲ ಅನ್ನಿಸಬಹುದು. ಕುಂಡೆಗೆ ಮಾತ್ರ ನಾಲ್ಕನೆಯ ಗಂಟೆಯಲ್ಲಿ ಗಟ್ಟಿ ತಾಗುತ್ತದೆ. ಹಿಂದಕ್ಕೆ ಬಾಗದ, ಮೊದಲೇ ಸ್ವಲ್ಪ ಒರಗಿಸಿ ಕೂರಿಸಿದ ಸೀಟುಗಳೂ ಈಗ ಬಹಳ. ಜನ ಅದನ್ನು ಕೊರತೆ ಎಂದು ದೂರುತ್ತಾರೆ. ನಾಲ್ಕು ಗಂಟೆಯ ದಾರಿಗೆ ನನ್ನ ಒಲವು ಅಂಥ ಸೀಟಿನ ಕಡೆಗೇ. ಮುಂದಿನವರು ಯಾವ ಹೊತ್ತಿಗೆ ಒರಗುತ್ತಾರೋ ಎಂಬ ಭಯ ಇಲ್ಲ, ಊಟದ ತಟ್ಟೆ ಎದೆಗೆ ಒತ್ತುವುದಿಲ್ಲ.

ಇಷ್ಟೂ ಮೊಣಕಾಲಿನ ಮಾತು. ಪಾದದ ಜಾಗ ಬೇರೆಯೇ. ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಸಿಕ್ಕಿದವರಿಗೆ ಇದು ಹೇಳಬೇಕಿಲ್ಲ. ಸೀಟುಗಳ ಅಂತರ ಎಲ್ಲದಕ್ಕೂ ಒಂದೇ, ಆದರೆ ಪಾದ ಇಡುವಲ್ಲಿ ಚಕ್ರದ ಗೂಡು ಎದ್ದಿರುತ್ತದೆ, ಮೊಣಕಾಲು ಗದ್ದಕ್ಕೆ ಬರುತ್ತದೆ. ವಿಮಾನದಲ್ಲಿ ಚಕ್ರದ ಗೂಡಿಲ್ಲ, ಅದರ ನೆಂಟರಿದ್ದಾರೆ. ಮುಂದಿನ ಸೀಟಿನ ಅಡಿಗೆ ಬಗ್ಗಿ ನೋಡಿ. ಮೂರು ಸೀಟಿನ ಘಟಕ ಎರಡು ಜೊತೆ ಕಾಲುಗಳ ಮೇಲೆ ನಿಂತಿರುತ್ತದೆ. ಮೂರು ಜನರ ಪಾದಕ್ಕೆ ಸಮನಾಗಿ ಪಾಲು ಸಿಗುವ ಹಾಗೆ ಆ ಕಾಲುಗಳನ್ನು ಇಟ್ಟಿರುವುದಿಲ್ಲ, ನೆಲದ ಹಳಿ ಎಲ್ಲಿದೆಯೋ ಅಲ್ಲೇ ಅವು ಕೂರಬೇಕು. ಸಾಮಾನ್ಯವಾಗಿ ನಡುವಿನವರಿಗೆ ಅಗಲ ಜಾಗ, ನಡುದಾರಿ ಬದಿಯವರಿಗೆ ಇಕ್ಕಟ್ಟು. ಕಿಟಕಿ ಬದಿಯಲ್ಲಿ ವಿಮಾನದ ಗೋಡೆ ಕೆಳಕ್ಕೆ ಹೋದಂತೆ ಒಳಕ್ಕೆ ಬಾಗುವುದರಿಂದ ಹೊರಗಿನ ಪಾದಕ್ಕೆ ಅಡ್ಡಿ. ಸೀಟಿನ ಅಡಿಯಲ್ಲಿ ಲೈಫ್ ಜಾಕೆಟಿನ ಚೀಲ ತೂಗುತ್ತಿರುತ್ತದೆ. ನಿಮ್ಮದು ನಿಮ್ಮ ಅಡಿಯಲ್ಲಿ, ನಿಮ್ಮ ಪಾದಕ್ಕೆ ತಾಗುವುದು ಮುಂದಿನವರದ್ದು. ಸೀಟಿಗೊಂದು ಟಿವಿ ಇರುವ ದೊಡ್ಡ ವಿಮಾನಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಟಿವಿಯ ಯಂತ್ರದ ಡಬ್ಬಿ ಕೆಲವು ಸೀಟಿನ ಅಡಿಯಲ್ಲಿ ಕೂತಿರುತ್ತದೆ. ಹಿಂದೆ ಕೂತವರ ಒಂದು ಕಾಲಿಗೆ ಚಾಚಲು ಜಾಗವೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ನಾವೇ ತಂದ ಚೀಲ. ಕೈಯಲ್ಲಿ ಒಯ್ಯುವ ಏಳು ಕಿಲೋದ ಬ್ಯಾಗನ್ನು ಮುಂದಿನ ಸೀಟಿನಡಿ ತುರುಕಿದ ಮೇಲೆ ಪಿಚ್ 32 ಇದ್ದರೂ ಕಾಲು ಚಾಚುವ ಮಾತಿಲ್ಲ. ಬ್ಯಾಗು ಮೇಲಿನ ಗೂಡಿಗೆ ಹೋಗಬೇಕು, ಅದಕ್ಕೆ ಗೂಡು ತುಂಬುವ ಮೊದಲು ಹತ್ತಬೇಕು. ಪಾಸ್‌ಪೋರ್ಟ್, ಮಾತ್ರೆ, ಕನ್ನಡಕ, ಫೋನು ಇಷ್ಟನ್ನೇ ಒಂದು ತೆಳು ಬಟ್ಟೆ ಚೀಲಕ್ಕೆ ಮೊದಲೇ ಹಾಕಿಟ್ಟರೆ ಹತ್ತುವಾಗ ಬ್ಯಾಗಿನ ಜಿಪ್ಪು ತೆರೆದು ಹುಡುಕುವ ಪಾಡಿಲ್ಲ. ಕೆಳಗಿನ ಜೇಬಿನಲ್ಲಿ ನೀರಿನ ಬಾಟಲಿ ಇಡಬೇಡಿ. ಒಂದು ಲೀಟರಿನ ಬಾಟಲಿಯ ದಪ್ಪ ಮೂರು ಇಂಚು, ಮೇಲೆ ಲೆಕ್ಕ ಹಾಕಿ ಉಳಿಸಿದ ಎರಡು ಇಂಚನ್ನು ಅದೊಂದೇ ನುಂಗುತ್ತದೆ.

ಹೆಚ್ಚು ಜಾಗದ ಸೀಟು ಎಂದು ಮಾರುವುದರಲ್ಲಿ ಎರಡು ಬಗೆ: ಗೋಡೆಯ ಹಿಂದಿನ ಮೊದಲ ಸಾಲು, ಮತ್ತು ತುರ್ತು ಬಾಗಿಲಿನ ಸಾಲು. ಮೊದಲ ಸಾಲನ್ನು ಕಣ್ಣು ಮುಚ್ಚಿ ಕೊಳ್ಳಬೇಡಿ. ಮೊಣಕಾಲಿಗೆ ಜಾಗ ಇರುತ್ತದೆ, ಆದರೆ ಎದುರಿಗಿರುವುದು ಗೋಡೆ, ಅದರಡಿಗೆ ಪಾದ ಹೋಗುವುದಿಲ್ಲ. ಉದ್ದ ಕಾಲಿನವರು ಮಾಮೂಲಿ ಸೀಟಿನಲ್ಲಿ ಪಾದವನ್ನು ಮುಂದಿನ ಸೀಟಿನಡಿಗೆ ಚಾಚಿ ಮೊಣಕಾಲು ಇಳಿಸಿಕೊಳ್ಳುತ್ತಾರೆ, ಇಲ್ಲಿ ಆ ಉಪಾಯ ನಡೆಯದು. ಟ್ರೇ ಕೈಯೊರಗಿನೊಳಗೆ ಮಡಚಿರುವುದರಿಂದ ಕೈಯೊರಗು ಎತ್ತಲು ಬರುವುದಿಲ್ಲ, ಅದರ ದಪ್ಪಕ್ಕೆ ಸೀಟಿನ ಅಗಲವೂ ಸ್ವಲ್ಪ ಕಡಿಮೆ. ಮುಂದೆ ಸೀಟಿಲ್ಲದ್ದರಿಂದ ಹಾರುವಾಗ, ಇಳಿಯುವಾಗ ಸಣ್ಣ ಚೀಲವನ್ನೂ ಮೇಲೆ ಇಡಬೇಕು. ಕೆಲವು ವಿಮಾನಗಳಲ್ಲಿ ಗೋಡೆ ನೆಲದವರೆಗೆ ಇಳಿಯದೆ ಕೆಳಗೆ ಸಂದು ಬಿಟ್ಟಿರುತ್ತದೆ, ಆಗ ಚೆನ್ನ. ಆ ವಿಮಾನದ ಮೊದಲ ಸಾಲಿನ ಫೋಟೋ ಹುಡುಕಿ ನೋಡಿಯೇ ತೀರ್ಮಾನಿಸಿ.

ತುರ್ತು ಬಾಗಿಲಿನ ಸಾಲಿನ ಜಾಗ ಪ್ರಯಾಣಿಕರ ಸುಖಕ್ಕೆಂದು ಬಿಟ್ಟದ್ದಲ್ಲ. 1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾರಲು ಓಡುತ್ತಿದ್ದ ಬೋಯಿಂಗ್ 737ರ ಎಂಜಿನ್ ಒಡೆದು ಬೆಂಕಿ ಹತ್ತಿತು. ವಿಮಾನ ನೆಲದಲ್ಲೇ ಇತ್ತು, ಆದರೂ 55 ಜನ ಸತ್ತರು, ಹೆಚ್ಚಿನವರು ಹೊಗೆಯಿಂದ. ರೆಕ್ಕೆಯ ಮೇಲಿನ ಬಾಗಿಲು ತೆರೆಯಲು ತಡವಾಯಿತು. ಭಾರದ ಆ ಹಲಗೆ ಕಳಚಿ ಒಳಗೆ ಕೂತವರ ಮೇಲೆಯೇ ಬಿತ್ತು, ಸೀಟುಗಳ ಸಂದಿನಲ್ಲಿ ಜನ ಸಿಕ್ಕಿಬಿದ್ದರು. ಅದಾದ ಮೇಲೆ ಬಾಗಿಲಿನ ಪಕ್ಕದ ದಾರಿಯನ್ನು ಅಗಲಿಸಿದರು. 1989ರಲ್ಲಿ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸೀಟಿನ ಒರಗಿನಿಂದ ಮುಂದಿನ ಸೀಟಿನ ಬೆನ್ನಿಗೆ ಕನಿಷ್ಠ 26 ಇಂಚು ಇರಬೇಕೆಂದು ನಿಯಮ ಮಾಡಿತು. ಮನೆಯಲ್ಲಿ ಕುರ್ಚಿ ಇಟ್ಟು ನೋಡಿದಿರಲ್ಲ, ಅದೇ 26. ಹೊಸ ಮಾದರಿಯ ವಿಮಾನಕ್ಕೆ ಅನುಮತಿ ಸಿಗಬೇಕಾದರೆ ಅರ್ಧ ಬಾಗಿಲುಗಳನ್ನಷ್ಟೇ ಬಳಸಿ ಎಲ್ಲರೂ 90 ಸೆಕೆಂಡಿನೊಳಗೆ ಹೊರಬರಬೇಕು. ಉಳಿದ ಸಾಲುಗಳಿಗಿಂತ ಈ ಸಾಲಿನಲ್ಲಿ ಅಗಲ ಹೆಚ್ಚಿರುವುದು ಆ ಓಟದ ದಾರಿಗಾಗಿ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದಂಚಿನಿಂದ ಕೆಳಕ್ಕೆ ಹೋಯಿತು. 158 ಜನ ತೀರಿಕೊಂಡರು, ಎಂಟು ಜನ ಉಳಿದರು. ತೀರಿಕೊಂಡವರಲ್ಲಿ ಕಾಸರಗೋಡಿನ ಮನೆಗಳವರು ಅನೇಕರು. ಹಾಗಾಗಿ ಬಾಗಿಲಿನ ಸಾಲಿನವರ ಹತ್ತಿರ ಗಗನಸಖಿ ಬಂದು ಬಗ್ಗಿ ವಿವರಿಸುವಾಗ ಫೋನ್ ನೋಡುತ್ತಾ ತಲೆಯಾಡಿಸಬೇಡಿ. ಬಾಗಿಲು ಹೇಗೆ ತೆರೆಯುತ್ತದೆ ಎಂಬುದನ್ನು ಕಾರ್ಡಿನ ಚಿತ್ರದಲ್ಲಿ ಒಮ್ಮೆ ನೋಡಿ. ಎ320ರ ರೆಕ್ಕೆ ಮೇಲಿನ ಬಾಗಿಲು ಬಿಡಿ ಹಲಗೆ, ಹದಿನೈದು ಕಿಲೋದಷ್ಟು ಭಾರ, ಎತ್ತಿ ಹೊರಗೆ ಎಸೆಯಬೇಕು. ಬೋಯಿಂಗ್ 737-800ರದ್ದು ಮೇಲುಗಡೆ ತಿರುಗಣೆ ಇರುವ ಬಾಗಿಲು, ಹಿಡಿ ಎಳೆದರೆ ತಾನೇ ಹೊರಕ್ಕೆ ಮೇಲೇಳುತ್ತದೆ. ಮಕ್ಕಳನ್ನು, ಗರ್ಭಿಣಿಯರನ್ನು, ಮಗು ಹಿಡಿದವರನ್ನು, ನಡೆಯಲು ಆಸರೆ ಬೇಕಾದವರನ್ನು, ಬೆಲ್ಟಿಗೆ ಹೆಚ್ಚುವರಿ ಪಟ್ಟಿ ಬೇಕಾದವರನ್ನು ಅಲ್ಲಿ ಕೂರಿಸುವುದಿಲ್ಲ. ಸಿಬ್ಬಂದಿಯ ಸೂಚನೆ ಅರ್ಥವಾಗಬೇಕು, ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು. ಮಂಡಿ ನೋವಿನ ಅಪ್ಪನಿಗೆಂದು ದುಡ್ಡು ಕೊಟ್ಟು ಈ ಸಾಲು ಬುಕ್ ಮಾಡಿದವರು ಉಂಟು. ಹತ್ತಿದ ಮೇಲೆ ಸಿಬ್ಬಂದಿ ಅವರನ್ನು ಎಬ್ಬಿಸಿ ಬೇರೆಡೆ ಕೂರಿಸುತ್ತಾರೆ, ಅದು ಸರಿಯೂ ಹೌದು.

ಈ ವಿಮಾನಗಳಲ್ಲಿ ರೆಕ್ಕೆಯ ಮೇಲೆ ಒಂದರ ಹಿಂದೊಂದು ಎರಡು ಬಾಗಿಲುಗಳಿರುತ್ತವೆ, ಅಂದರೆ ಎರಡು ಸಾಲು. ಹಿಂದಿನದನ್ನು ಆರಿಸಿ. ಮುಂದಿನ ಬಾಗಿಲಿನ ಸಾಲಿನ ಸೀಟು ಒರಗಿದರೆ ಅದರ ಹಿಂದಿನ ದಾರಿ ಮುಚ್ಚುತ್ತದೆ, ಆದ್ದರಿಂದ ಅದನ್ನು ಒರಗದಂತೆ ಬಿಗಿದಿರುತ್ತಾರೆ. ಅದಕ್ಕೂ ಮುಂದಿನ ಸಾಲಿನದ್ದೂ ಹಾಗೇ. ಇದರಿಂದ ಹಿಂದಿನ ಬಾಗಿಲಿನ ಸಾಲಿಗೆ ಎರಡು ಲಾಭ: ನಿಮ್ಮ ಮುಂದಿನವರು ನಿಮ್ಮ ಮೇಲೆ ಒರಗುವುದಿಲ್ಲ, ವಿಮಾನದಲ್ಲಿ ಒರಗುವ ಸೀಟಿದ್ದರೆ ನಿಮ್ಮದು ಒರಗುತ್ತದೆ. ಎ321ರಂಥ ಉದ್ದ ವಿಮಾನದಲ್ಲಿ ನಡುವೆ ದೊಡ್ಡ ಬಾಗಿಲಿರುವುದುಂಟು. ಅದರ ಹಿಂದಿನ ಸಾಲಿನಲ್ಲಿ ಕಾಲು ಪೂರ್ತಿ ನೀಡಬಹುದು. ಕಿಟಕಿ ಬದಿಯವರಿಗೆ ಮಾತ್ರ ಬಾಗಿಲಿನ ಒಳಮೈಗೆ ಉಬ್ಬಿಕೊಂಡ, ತುರ್ತಿಗೆ ಇಳಿಯುವ ಜಾರುಬಂಡಿಯ ಪೆಟ್ಟಿಗೆ ಮೊಣಕಾಲಿಗೆ ಅಡ್ಡ ಬರುತ್ತದೆ, ಬಾಗಿಲಿನ ಸಂದಿನ ಚಳಿಯೂ ಇರುತ್ತದೆ. ಅಲ್ಲಿ ನಡುವಿನ ಸೀಟು ವಾಸಿ.

ಸೀಟಿನ ನಕ್ಷೆಯಲ್ಲಿ ಬಣ್ಣ ಸೂಚಿಸುವುದು ದರವನ್ನು. ಎರಡರಿಂದ ಐದಾರನೆಯ ಸಾಲಿನವರೆಗೆ ಹೆಚ್ಚು ದುಡ್ಡು ಕೇಳುವುದು ಬೇಗ ಇಳಿಯಬಹುದು ಎಂಬ ಕಾರಣಕ್ಕೆ. ಅಂತರ ಇಪ್ಪತ್ತನೆಯ ಸಾಲಿನಷ್ಟೇ ಇರುವುದು ಹೆಚ್ಚು. ಹೆಚ್ಚು ಕಾಲಿನ ಜಾಗ ಎಂದು ಬರಹದಲ್ಲಿ ಇಲ್ಲದಿದ್ದರೆ ಇಲ್ಲವೆಂದೇ ತಿಳಿಯಿರಿ. ಕಟ್ಟಕಡೆಯ ಸಾಲು ಬೇಡ, ಹಿಂದೆ ಗೋಡೆ, ಶೌಚಾಲಯದ ಸಾಲು ಪಕ್ಕದಲ್ಲೇ ನಿಲ್ಲುತ್ತದೆ.

ಇನ್ನು ಮಂಡಿ ಮಡಚಲಾಗದವರ ಸೀಟು. ಬಹಳ ಮನೆಗಳಿಗೆ ಬೇಕಾದ ಮಾತು ಇದು, ಕಾಸು ಖರ್ಚಿಲ್ಲದ್ದು. ಮುಂದಕ್ಕೆ ಮುಖ ಮಾಡಿ ಕೂತಾಗ ಎಡಗಡೆ ಎ, ಬಿ, ಸಿ, ನಡುವೆ ದಾರಿ, ಬಲಗಡೆ ಡಿ, ಇ, ಎಫ್. ಸಿ ಸೀಟಿನವರಿಗೆ ದಾರಿ ಇರುವುದು ಬಲಕ್ಕೆ, ಡಿ ಸೀಟಿನವರಿಗೆ ಎಡಕ್ಕೆ. ಅಮ್ಮನಿಗೆ ಬಲ ಮೊಣಕಾಲು ನೋವು, ಇಲ್ಲವೇ ಬಲಗಾಲಿನ ಮಂಡಿ ಬದಲಿಸಿದ್ದಾರೆ ಎಂದಾದರೆ ಸಿ. ಎಡಗಾಲಾದರೆ ಡಿ. ತಪ್ಪಿ ಆಚೀಚೆ ಆದರೆ ನೋವಿನ ಕಾಲು ಪಕ್ಕದವರ ಕಡೆಗೆ ಸಿಕ್ಕಿಕೊಂಡು ಒಳ್ಳೆಯ ಕಾಲಿಗೆ ದಾರಿ ಸಿಗುತ್ತದೆ. ದೊಡ್ಡ ವಿಮಾನದಲ್ಲಿ 3-4-3ರ ಸಾಲಾದರೆ ಬಲಗಾಲಿಗೆ ಸಿ ಅಥವಾ ಜಿ, ಎಡಗಾಲಿಗೆ ಡಿ ಅಥವಾ ಎಚ್. ಟಿಕೆಟ್ ಮಾಡುವವರಿಗೆ ಐಲ್ ಸೀಟು ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ, ಅಕ್ಷರವನ್ನೂ ಹೇಳಿ.

ದಾರಿಗೆ ಚಾಚಿದ ಕಾಲು ಅಲ್ಲೇ ಇರುವಂತಿಲ್ಲ ಎಂಬುದನ್ನೂ ಮೊದಲೇ ತಿಳಿಸಿಡಿ. ನಿಯಮದ ಪ್ರಕಾರ ಇಂಥ ವಿಮಾನದಲ್ಲಿ ನಡುದಾರಿ ನೆಲದಿಂದ 25 ಇಂಚು ಎತ್ತರದವರೆಗೆ ಕನಿಷ್ಠ 15 ಇಂಚು ಅಗಲ ಇದ್ದರೆ ಸಾಕು. ಊಟದ ತಳ್ಳುಗಾಡಿಯ ಅಗಲ ಸುಮಾರು 12 ಇಂಚು. ಕನಿಷ್ಠ ಅಗಲದ ದಾರಿಯಾದರೆ ಒಂದೊಂದು ಬದಿಗೆ ಒಂದೂವರೆ ಇಂಚು ಉಳಿಯಿತು. ತುಂಬಿದ ಗಾಡಿ ಪಾದಕ್ಕೆ ಬಡಿದರೆ ಬೆರಳು ಬಾತುಕೊಳ್ಳುತ್ತದೆ. ಹಾಗಾಗಿ ದೀಪ ಆರಿಸಿದ ಮೇಲೆ ಕಾಲು ಚಾಚಿ ನಿದ್ದೆಗೆ ಜಾರಬಾರದು. ಇನ್ನೊಂದು: ನಡುದಾರಿ ಬದಿಯ ಕೈಯೊರಗು ಅಲುಗುವುದಿಲ್ಲ ಎಂದು ಎಲ್ಲರೂ ಭಾವಿಸುತ್ತಾರೆ. ಅನೇಕ ಸೀಟುಗಳಲ್ಲಿ ಅದರ ಅಡಿಯಲ್ಲಿ, ಹಿಂಬದಿಯ ಕೀಲಿನ ಹತ್ತಿರ, ಬೆರಳಿಗೆ ಸಿಗುವ ಸಣ್ಣ ಗುಂಡಿಯೋ ಪಟ್ಟಿಯೋ ಇರುತ್ತದೆ. ಒತ್ತಿದರೆ ಕೈಯೊರಗು ಮೇಲೇಳುತ್ತದೆ. ಸೊಂಟ ಹಿಡಿದ ಹಿರಿಯರು ಎದ್ದು ನಿಲ್ಲಲು ಇದರಿಂದ ಆಗುವ ಸಹಾಯ ದೊಡ್ಡದು. ಹಾರುವಾಗ, ಇಳಿಯುವಾಗ ಕೆಳಗೇ ಇರಬೇಕು.

ಮುಂಬೈ, ದೋಹಾ, ದುಬೈಗಳಲ್ಲಿ ಬದಲಿಸಿ ಯುರೋಪಿಗೋ ಅಮೆರಿಕಕ್ಕೋ ಹೋಗುವವರಿಗೆ ಅಗಲದ ಚಿಂತೆಯೂ ಸೇರುತ್ತದೆ. ಬೋಯಿಂಗ್ 777ರಲ್ಲಿ ಸಾಲಿಗೆ ಹತ್ತು ಜನ ಕೂರಿಸಿದರೆ ಸೀಟಿನ ಅಗಲ 17 ಇಂಚು, ಎ350ರಲ್ಲಿ ಒಂಬತ್ತು ಜನಕ್ಕೆ 18. ಹದಿನಾಲ್ಕು ಗಂಟೆಯ ದಾರಿಯಲ್ಲಿ ಆ ಒಂದು ಇಂಚು ಭುಜಕ್ಕೆ ಗೊತ್ತಾಗುತ್ತದೆ, ಮೊಣಕಾಲಿಗೂ ಗೊತ್ತಾಗುತ್ತದೆ, ಏಕೆಂದರೆ ತೊಡೆ ಅಗಲಿಸಿ ಕೂರಲು ಬಂದರೆ ಮೊಣಗಂಟು ಮುಂದಕ್ಕೆ ಚಾಚುವುದು ಕಡಿಮೆ. 777ರ ಹಿಂಬದಿಯಲ್ಲಿ ಮೈ ಕಿರಿದಾಗುವ ಕಡೆ ಬದಿಯ ಮೂರು ಸೀಟು ಎರಡಾಗುತ್ತದೆ. ಆ ಎರಡರ ಕಿಟಕಿ ಬದಿಯಲ್ಲಿ ಗೋಡೆಗೂ ಸೀಟಿಗೂ ನಡುವೆ ಕಾಲಿಳಿಸುವಷ್ಟು ಸಂದು ಸಿಗುತ್ತದೆ. ಗಂಡ ಹೆಂಡತಿ ಇಬ್ಬರೇ ಹೋಗುವಾಗ ಇದಕ್ಕಿಂತ ಒಳ್ಳೆಯ ಜಾಗ ಎಕಾನಮಿಯಲ್ಲಿ ಕಡಿಮೆ.

ಟ್ರಾವೆಲ್ಸ್‌ನಲ್ಲಿ ಟಿಕೆಟ್ ಮಾಡಿಸುವಾಗ ದರದ ಜೊತೆಗೇ ಕೇಳಿ: “ಅಣ್ಣಾ, ಈ ಫ್ಲೈಟಿಗೆ ಯಾವ ವಿಮಾನ ಬರ್ತದೆ, ಬೋಯಿಂಗಾ ಏರ್‌ಬಸ್ಸಾ?” ಅವರ ಪರದೆಯಲ್ಲೇ ಅದು ಇರುತ್ತದೆ. ಮಾದರಿ ಗೊತ್ತಾದ ಮೇಲೆ ಆ ಕಂಪನಿಯ ಆ ಮಾದರಿಯ ಸೀಟಿನ ನಕ್ಷೆ ನೋಡಿ. ಏರೋಲೋಪಾ ಎಂಬ ತಾಣದಲ್ಲಿ ಅಳತೆಗೆ ಸರಿಯಾಗಿ ಬರೆದ ನಕ್ಷೆಗಳಿವೆ. ಕಂಪನಿಯ ಸ್ವಂತ ನಕ್ಷೆಯಲ್ಲಿ ಎಲ್ಲ ಚೌಕವೂ ಒಂದೇ ಗಾತ್ರ, ಅದರಲ್ಲಿ ಸಾಲುಗಳ ಅಂತರ ತಿಳಿಯುವುದಿಲ್ಲ. ಟಿಕೆಟಿಗೆ ನಿಮ್ಮದೇ ಮೊಬೈಲ್ ನಂಬರು, ಇಮೇಲು ಹಾಕಿಸಿ. ಟ್ರಾವೆಲ್ಸ್‌ನವರದ್ದೇ ಇದ್ದರೆ ಸಮಯ ಬದಲಾದ ಸುದ್ದಿ, ವಿಮಾನ ಬದಲಾದ ಸುದ್ದಿ ಅವರಿಗೆ ಹೋಗುತ್ತದೆ, ಅವರು ಹೇಳುವ ಹೊತ್ತಿಗೆ ಒಳ್ಳೆಯ ಸೀಟು ಮುಗಿದಿರುತ್ತದೆ. ಆರು ಅಕ್ಷರದ ಪಿಎನ್‌ಆರ್ ಬರೆದುಕೊಳ್ಳಿ, ವಾರಕ್ಕೊಮ್ಮೆ ಕಂಪನಿಯ ಆ್ಯಪಿನಲ್ಲಿ ತೆರೆದು ನೋಡಿ. ಬೋಯಿಂಗ್ ಹೋಗಿ ಏರ್‌ಬಸ್ ಬಂದರೆ ಬಾಗಿಲಿನ ಸಾಲಿನ ಸಂಖ್ಯೆಯೇ ಬದಲಾಗುತ್ತದೆ. ನೀವು ದುಡ್ಡು ಕೊಟ್ಟ ಸಂಖ್ಯೆ ಹೊಸ ವಿಮಾನದಲ್ಲಿ ಮಾಮೂಲಿ ಸೀಟಾಗಿರಬಹುದು. ಸೀಟಿನ ರಶೀದಿ ಇಟ್ಟುಕೊಂಡಿದ್ದರೆ ಆ ಸಾಲಿಗೆ ಬದಲಿಸಿ ಎಂದೋ ಹಣ ಹಿಂತಿರುಗಿಸಿ ಎಂದೋ ಕೇಳಬಹುದು.

ದುಡ್ಡು ಕೊಡುವುದಿಲ್ಲವೆಂದಾದರೆ ವೆಬ್ ಚೆಕ್‌ಇನ್ ತೆರೆದ ಗಳಿಗೆಯಲ್ಲೇ ಕೂರಬೇಕು. ಕಂಪನಿ ನೋಡಿಕೊಂಡು ಹೊರಡುವ 48 ಅಥವಾ 24 ಗಂಟೆ ಮೊದಲು ಅದು ತೆರೆಯುತ್ತದೆ. ಅಲ್ಲೂ ಸಿಗದಿದ್ದರೆ ನಿಲ್ದಾಣದ ಕೌಂಟರಿಗೆ ಮೂರು ಗಂಟೆ ಮುಂಚೆ ಹೋಗಿ ವಿನಯದಿಂದ ಕೇಳಿ. ಮಾರಾಟವಾಗದೆ ಉಳಿದ ಬಾಗಿಲಿನ ಸಾಲಿಗೆ ಗಟ್ಟಿಮುಟ್ಟಾದ ಯಾರನ್ನಾದರೂ ಕೂರಿಸುವುದು ಅವರಿಗೂ ಅನುಕೂಲ. ಮಕ್ಕಳಿರುವವರು ಒಂದು ತಿಳಿದಿರಿ: 2024ರ ಏಪ್ರಿಲಿನಲ್ಲಿ ನಮ್ಮ ದೇಶದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಕೊಟ್ಟ ಆದೇಶದಂತೆ, ಒಂದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕು. ಅದಕ್ಕಾಗಿಯೇ ಸೀಟಿಗೆ ಹಣ ತೆರುವ ಗಾಬರಿ ಬೇಡ. ಟಿಕೆಟನ್ನು ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸುವುದು ಮಾತ್ರ ಮುಖ್ಯ.

ಮೊದಲು ತೆಗೆದಿಟ್ಟ ಎರಡನೆಯ ಅಳತೆ ಗಿಡ್ಡ ಕಾಲಿನವರಿಗೆ. ಸೀಟಿನ ಎತ್ತರ ಸುಮಾರು 17–18 ಇಂಚು. ನಿಮ್ಮ ಅಳತೆ 16ಕ್ಕಿಂತ ಕಡಿಮೆ ಇದ್ದರೆ ಪಾದ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಸೀಟಿನ ಅಂಚು ಮೊಣಕಾಲಿನ ಹಿಂದಿನ ರಕ್ತನಾಳವನ್ನು ಒತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಾಲ್ಕು ಗಂಟೆ ಮೀರಿ ಅಲ್ಲಾಡದೆ ಕೂತು ಪ್ರಯಾಣಿಸಿದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಒಟ್ಟಿನ ಲೆಕ್ಕದಲ್ಲಿ ಅದು ಆರು ಸಾವಿರಕ್ಕೊಬ್ಬರಷ್ಟು, ಹೆದರುವಷ್ಟಲ್ಲ. ಆದರೆ ಅಪಾಯ ಹೆಚ್ಚಿರುವವರ ಪಟ್ಟಿಯಲ್ಲಿ 1.90 ಮೀಟರಿಗಿಂತ ಎತ್ತರದವರೂ ಇದ್ದಾರೆ, 1.60 ಮೀಟರಿಗಿಂತ ಗಿಡ್ಡ ಇರುವವರೂ ಇದ್ದಾರೆ. ಐದಡಿ ಮೂರು ಇಂಚು ಎಂದರೆ ನಮ್ಮ ಅಮ್ಮ, ಅಕ್ಕ, ಚಿಕ್ಕಮ್ಮಂದಿರಲ್ಲಿ ಬಹುಪಾಲು. ಕಾಲಿನ ಜಾಗದ ಮಾತು ಬಂದಾಗ ಎತ್ತರದ ಗಂಡಸರನ್ನಷ್ಟೇ ನೆನೆಯುವುದು ಅದಕ್ಕೇ ತಪ್ಪು.

ಇವರಿಗೆ ಹೆಚ್ಚು ಜಾಗದ ಸೀಟು ಕೊಂಡು ಉಪಯೋಗವಿಲ್ಲ. ಬಾಗಿಲಿನ ಸಾಲಿನಲ್ಲಿ ಪಾದ ಇನ್ನಷ್ಟು ತೂಗುತ್ತದೆ, ಊರಲು ಏನೂ ಸಿಗುವುದಿಲ್ಲ. ಮಾಮೂಲಿ ಸಾಲಿನ ಸಿ ಅಥವಾ ಡಿ ಕೊಡಿಸಿ, ಗಂಟೆಗೊಮ್ಮೆ ಯಾರನ್ನೂ ಎಬ್ಬಿಸದೆ ಎದ್ದು ನಡೆಯಬಹುದು. ಇವರ ಮಟ್ಟಿಗೆ ಮಾತ್ರ ಚೀಲ ಮೇಲಿನ ಗೂಡಿಗೆ ಹೋಗಬಾರದು. ಶಾಲು, ಒಂದು ಜೊತೆ ಬಟ್ಟೆ ತುಂಬಿದ ಮೆತ್ತನೆಯ ಬಟ್ಟೆ ಚೀಲ, ನಾಲ್ಕು ಇಂಚು ಎತ್ತರ ಇರುವಷ್ಟು. ಹಾರುವಾಗ ಅದು ಮುಂದಿನ ಸೀಟಿನಡಿ ಇರಲಿ. ಬೆಲ್ಟಿನ ದೀಪ ಆರಿದ ಮೇಲೆ ಹಿಂದಕ್ಕೆ ಎಳೆದುಕೊಂಡು ಎರಡು ಪಾದವನ್ನೂ ಅದರ ಮೇಲಿಟ್ಟರೆ ತೊಡೆ ಸೀಟಿನ ಅಂಚಿನಿಂದ ಮೇಲೇಳುತ್ತದೆ. ಇಳಿಯುವ ಘೋಷಣೆಯಾದಾಗ ಪಾದದಿಂದಲೇ ಮತ್ತೆ ಮುಂದಕ್ಕೆ ತಳ್ಳಬೇಕು. ಚಪ್ಪಲಿಯ ಪಟ್ಟಿ ಸಡಿಲಿಸುವಂಥದ್ದು ಹಾಕಿ ಕಳಿಸಿ. ನಾಲ್ಕು ಗಂಟೆಯಲ್ಲಿ ಪಾದ ಊದಿಕೊಳ್ಳುತ್ತದೆ, ಬೆಳಗ್ಗೆ ಮನೆಯಲ್ಲಿ ಸರಿಯಾಗಿದ್ದ ಮುಚ್ಚಿದ ಶೂ ಇಳಿಯುವ ಹೊತ್ತಿಗೆ ಹಿಡಿಸುವುದಿಲ್ಲ.